ಒಂದೊಂದಾಗಿ ಹಿಡಿಯುವುದೋ, ಬಾಯ್ತುಂಬ ಸೋಸುವುದೋ: ತಿಮಿಂಗಿಲಗಳ ಊಟದ ಎರಡು ದಾರಿ

2025ರ ಫೆಬ್ರವರಿಯಲ್ಲಿ ಚಿಲಿ ದೇಶದ ದಕ್ಷಿಣ ತುದಿಯ ಮೆಗಲನ್ ಜಲಸಂಧಿಯಲ್ಲಿ ತೆಗೆದ ಒಂದು ವಿಡಿಯೋ ಲೋಕವೆಲ್ಲ ಸುತ್ತಿತು. ಪುಟ್ಟ ಕಯಾಕ್‌ನಲ್ಲಿ ಹುಟ್ಟು ಹಾಕುತ್ತಿದ್ದ ಯುವಕನೊಬ್ಬನನ್ನು ಹಂಪ್‌ಬ್ಯಾಕ್ ತಿಮಿಂಗಿಲವೊಂದು ದೋಣಿಯ ಸಮೇತ ಬಾಯಿಗೆ ಹಾಕಿಕೊಂಡಿತು. ಕೆಲವೇ ಸೆಕೆಂಡುಗಳಲ್ಲಿ ಹೊರಗೆ ಬಿಟ್ಟಿತು. ಅವನಿಗೆ ಗಾಯವೂ ಆಗಲಿಲ್ಲ.

ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ನುಂಗಿಬಿಟ್ಟಿದ್ದರೆ ಏನು ಗತಿ? ನುಂಗಲು ಸಾಧ್ಯವೇ ಇಲ್ಲ ಎಂಬುದು ಉತ್ತರ. ಹಂಪ್‌ಬ್ಯಾಕ್‌ನ ಬಾಯಲ್ಲಿ ಸಾವಿರಾರು ಲೀಟರ್ ನೀರು ಹಿಡಿಯುತ್ತದೆ. ಆದರೆ ಗಂಟಲಲ್ಲಿ ಒಬ್ಬ ಮನುಷ್ಯ ಇಳಿಯುವುದಿಲ್ಲ. ಅದಕ್ಕೆ ಮನುಷ್ಯ ಬೇಕಾಗಿಯೂ ಇರಲಿಲ್ಲ. ಅದು ಸಣ್ಣ ಸಣ್ಣ ಜೀವಿಗಳ ಗುಂಪಿಗೆ ಬಾಯಿ ಹಾಕಿತ್ತು, ಇವನು ಅಡ್ಡ ಸಿಕ್ಕಿದ, ಅಷ್ಟೇ.

ಇಷ್ಟು ದೊಡ್ಡ ಬಾಯಿ, ಇಷ್ಟು ಸಣ್ಣ ಗಂಟಲು ಯಾಕೆ? ಹಲ್ಲೇ ಇಲ್ಲದ ಪ್ರಾಣಿ ಭೂಮಿಯ ಅತಿ ದೊಡ್ಡ ಪ್ರಾಣಿ ಆಗಿದ್ದು ಹೇಗೆ? ಇದನ್ನು ತಿಳಿಯಲು ತಿಮಿಂಗಿಲಗಳ ಊಟದಿಂದಲೇ ಶುರು ಮಾಡಬೇಕು.

## ಮೊದಲು, ಎರಡು ಬಣಗಳು

ತಿಮಿಂಗಿಲ ಮೀನಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತು. ಅದು ಶ್ವಾಸಕೋಶದಿಂದ ಉಸಿರಾಡುತ್ತದೆ. ಮರಿ ಹಾಕಿ ಹಾಲೂಡಿಸುತ್ತದೆ. ಇಷ್ಟು ತಿಳಿದವರೂ ತಿಮಿಂಗಿಲ ಅಂದರೆ ಒಂದೇ ಬಗೆಯ ಪ್ರಾಣಿ ಅಂದುಕೊಂಡಿರುತ್ತಾರೆ. ಈಗ ಬದುಕಿರುವ ಸುಮಾರು 90 ಜಾತಿಗಳು ಎರಡು ದೊಡ್ಡ ಬಣಗಳಲ್ಲಿ ಹಂಚಿಹೋಗಿವೆ.

ಮೊದಲನೆಯದು ಹಲ್ಲಿರುವ ತಿಮಿಂಗಿಲಗಳ ಬಣ. ಜಾತಿಗಳ ಲೆಕ್ಕದಲ್ಲಿ ಇದೇ ದೊಡ್ಡದು. ಸ್ಪರ್ಮ್ ತಿಮಿಂಗಿಲ, ಬಿಳಿ ಮೈಯ ಬೆಲುಗಾ, ಉದ್ದ ಕೋಡಿನ ನಾರ್ವಾಲ್, ಕಪ್ಪು ಬಿಳುಪಿನ ಓರ್ಕಾ ಇದರಲ್ಲಿ ಬರುತ್ತವೆ. ಎಲ್ಲ ಡಾಲ್ಫಿನ್‌ಗಳೂ ಇದೇ ಬಣದವು. ಹೌದು, ಡಾಲ್ಫಿನ್ ಕೂಡ ಹಲ್ಲಿರುವ ತಿಮಿಂಗಿಲಗಳ ಬಳಗವೇ.

ಎರಡನೆಯದು ಬಲೀನ್ ತಿಮಿಂಗಿಲಗಳ ಬಣ. ಇದರಲ್ಲಿ ಇರುವುದು 15ರ ಆಸುಪಾಸು ಜಾತಿಗಳು ಮಾತ್ರ. ಆದರೆ ದೈತ್ಯರೆಲ್ಲ ಹೆಚ್ಚುಕಡಿಮೆ ಇಲ್ಲೇ ಇದ್ದಾರೆ. ನೀಲಿ ತಿಮಿಂಗಿಲ, ಫಿನ್, ಹಂಪ್‌ಬ್ಯಾಕ್, ಗ್ರೇ, ಬೋಹೆಡ್, ರೈಟ್, ಮಿಂಕೆ ಇವೆಲ್ಲ ಬಲೀನ್ ಬಣದವು. (ತಿಮಿಂಗಿಲ ಶಾರ್ಕ್ ಈ ಪಟ್ಟಿಗೆ ಸೇರುವುದಿಲ್ಲ. ಅದೂ ನೀರು ಸೋಸಿ ತಿನ್ನುತ್ತದೆ ನಿಜ, ಆದರೆ ಅದು ಮೀನು.)

ಹಲ್ಲಿರುವ ತಿಮಿಂಗಿಲ ಒಂದು ಬೇಟೆಯನ್ನು ಗುರುತಿಸಿ, ಅಟ್ಟಿಸಿಕೊಂಡು ಹೋಗಿ, ಅದನ್ನೇ ಹಿಡಿಯುತ್ತದೆ. ಆಮೇಲೆ ಮುಂದಿನದು. ಬಲೀನ್ ತಿಮಿಂಗಿಲ ಒಂದನ್ನೇ ಗುರಿ ಇಟ್ಟು ಹಿಡಿಯುವುದಿಲ್ಲ. ಸಾವಿರಾರು ಜೀವಿಗಳಿರುವ ನೀರನ್ನೇ ಬಾಯಿಗೆ ತುಂಬಿಕೊಂಡು, ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ನುಂಗುತ್ತದೆ. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಗಾತ್ರ, ತಲೆಬುರುಡೆ, ಕೂಗು, ವಲಸೆ ಎಲ್ಲಕ್ಕೂ ಬೇರು ಇಲ್ಲಿದೆ.

## ಬಲೀನ್ ಅಂದರೆ ಏನು?

ಬಲೀನ್ ತಿಮಿಂಗಿಲದ ಮೇಲ್ದವಡೆಯಿಂದ ನೂರಾರು ಪಟ್ಟಿಗಳು ಸಾಲಾಗಿ ಇಳಿಬಿದ್ದಿರುತ್ತವೆ. ಒಂದರ ಪಕ್ಕ ಒಂದು, ನಡುವೆ ಕಿರಿದಾದ ಸಂದು. ಈ ಪಟ್ಟಿಗಳಿಗೇ ಬಲೀನ್ ಎಂದು ಹೆಸರು. ಇವು ಹಲ್ಲೂ ಅಲ್ಲ, ಮೂಳೆಯೂ ಅಲ್ಲ. ನಮ್ಮ ಉಗುರು, ಕೂದಲು ಆಗಿರುವ ಕೆರಟಿನ್ ಎಂಬ ವಸ್ತುವಿನಿಂದಲೇ ಆಗಿವೆ.

ಪ್ರತಿ ಪಟ್ಟಿಯ ಹೊರ ಅಂಚು ನುಣುಪು. ಒಳ ಅಂಚು, ಅಂದರೆ ನಾಲಿಗೆಯ ಕಡೆಯ ಅಂಚು, ಸವೆದು ಎಳೆಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಆ ಎಳೆಗಳು ಒಂದರ ಮೇಲೊಂದು ಹೆಣೆದುಕೊಂಡು ಚಾಪೆಯಂತಾಗುತ್ತವೆ. ಮನೆಯ ಜರಡಿಯ ಕೆಲಸವೇ ಇದರದ್ದೂ. ನೀರು ಆಚೆ ಹೋಗುತ್ತದೆ, ತಿನ್ನುವ ಪದಾರ್ಥ ಈಚೆ ಉಳಿಯುತ್ತದೆ. ಜರಡಿಯ ಕಣ್ಣು ಎಷ್ಟು ಸಣ್ಣದೋ ಅಷ್ಟು ಸಣ್ಣ ಕಾಳು ನಿಲ್ಲುತ್ತದೆ, ಅಲ್ವಾ? ಹಾಗೆಯೇ, ಎಳೆ ಎಷ್ಟು ನವಿರು ಎಂಬುದೇ ಆ ತಿಮಿಂಗಿಲ ಏನು ತಿನ್ನುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ನೀಲಿ ತಿಮಿಂಗಿಲದ ಎಳೆಗಳು ಒರಟು. ಕೆಲವು ಸೆಂಟಿಮೀಟರ್ ಉದ್ದದ ಕ್ರಿಲ್ ಹಿಡಿಯಲು ಅಷ್ಟು ಸಾಕು. ರೈಟ್ ಮತ್ತು ಬೋಹೆಡ್ ತಿಮಿಂಗಿಲಗಳ ಎಳೆಗಳು ಬಹಳ ನವಿರು. ಅವು ಕೆಲವೇ ಮಿಲಿಮೀಟರ್ ಉದ್ದದ ಕೋಪೆಪಾಡ್ ಎಂಬ ಜೀವಿಗಳನ್ನೂ ಬಿಡುವುದಿಲ್ಲ.

ನೀಲಿ ತಿಮಿಂಗಿಲದ ಪಟ್ಟಿಗಳು ಹೆಚ್ಚೆಂದರೆ ಒಂದು ಮೀಟರ್ ಉದ್ದ. ಅದಕ್ಕಿಂತ ಗಿಡ್ಡ ಮೈಯ ಬೋಹೆಡ್‌ನ ಪಟ್ಟಿಗಳು ನಾಲ್ಕು ಮೀಟರ್‌ವರೆಗೂ ಬೆಳೆಯುತ್ತವೆ. ಈ ವ್ಯತ್ಯಾಸ ಯಾಕೆ ಎಂಬುದು ಎರಡೂ ತಿನ್ನುವ ರೀತಿ ನೋಡಿದರೆ ತಿಳಿಯುತ್ತದೆ.

ಉಗುರಿನ ಹಾಗೆ ಬಲೀನ್ ಕೂಡ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ತುದಿ ಸವೆಯುತ್ತದೆ, ಬುಡದಲ್ಲಿ ಹೊಸದು ಬರುತ್ತದೆ. ಬೆಳೆಯುವಾಗ ಮೈಯಲ್ಲಿದ್ದ ಹಾರ್ಮೋನುಗಳ ಗುರುತೂ ಅದರಲ್ಲಿ ಉಳಿದುಬಿಡುತ್ತದೆ. ಹಾಗಾಗಿ ಒಂದು ಪಟ್ಟಿಯನ್ನು ಬುಡದಿಂದ ತುದಿಗೆ ಪರೀಕ್ಷಿಸಿದರೆ ಆ ತಿಮಿಂಗಿಲ ಯಾವಾಗ ಬಸಿರಾಗಿತ್ತು, ಯಾವಾಗ ಕಷ್ಟದಲ್ಲಿತ್ತು ಎಂದು ಹಲವು ವರ್ಷಗಳ ಹಿಂದಿನ ಸಂಗತಿಯನ್ನೂ ವಿಜ್ಞಾನಿಗಳು ಓದಬಲ್ಲರು.

## ನೀಲಿ ತಿಮಿಂಗಿಲದ ಒಂದು ತುತ್ತು

ನೀಲಿ ತಿಮಿಂಗಿಲ ಸಾಧು ಪ್ರಾಣಿ, ಬಾಯಿ ತೆರೆದು ಸುಮ್ನೆ ತೇಲಿದರೆ ಸಾಕು, ಊಟ ತಾನಾಗಿ ಒಳಗೆ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಅದರ ಒಂದೊಂದು ತುತ್ತೂ ಪ್ರಾಣಿಲೋಕದ ಭಾರೀ ಕಸರತ್ತುಗಳಲ್ಲಿ ಒಂದು.

ನೀಲಿ, ಫಿನ್, ಹಂಪ್‌ಬ್ಯಾಕ್, ಮಿಂಕೆ ಇವುಗಳನ್ನೆಲ್ಲ ಒಟ್ಟಾಗಿ ರಾರ್ಕ್ವಲ್‌ಗಳು ಎನ್ನುತ್ತಾರೆ. ಇವುಗಳ ಗಲ್ಲದಿಂದ ಹೊಕ್ಕುಳ ಕಡೆಗೆ ಉದ್ದುದ್ದ ಗೆರೆಗಳು ಕಾಣುತ್ತವೆ. ಅವು ಚರ್ಮದ ಮಡಿಕೆಗಳು. ಮಡಿಕೆಗಳು ಬಿಚ್ಚಿಕೊಂಡರೆ ಗಂಟಲಿನ ಕೆಳಭಾಗ ಒಂದು ಭಾರೀ ಚೀಲವಾಗುತ್ತದೆ.

ಮೊದಲು ತಿಮಿಂಗಿಲ ಕ್ರಿಲ್ ದಟ್ಟವಾಗಿರುವ ಆಳಕ್ಕೆ ಇಳಿಯುತ್ತದೆ. ಕ್ರಿಲ್ ಎಂದರೆ ಸಿಗಡಿಯನ್ನು ಹೋಲುವ ಪುಟ್ಟ ಜೀವಿ. ಅಂಟಾರ್ಕ್ಟಿಕದ ಕ್ರಿಲ್ ಆರು ಸೆಂಟಿಮೀಟರ್ ಉದ್ದ, ಎರಡು ಗ್ರಾಂ ತೂಕ ಆದರೆ ಅದೇ ದೊಡ್ಡದು. ಆದರೆ ಅವು ಗುಂಪುಗೂಡಿದರೆ ಲೆಕ್ಕಕ್ಕೆ ಸಿಗುವುದಿಲ್ಲ. ಆ ಗುಂಪಿನತ್ತ ತಿಮಿಂಗಿಲ ಬಾಲ ಬೀಸಿ ವೇಗ ಹೆಚ್ಚಿಸುತ್ತದೆ. ಹತ್ತಿರ ಬಂದಾಗ ಕೆಳದವಡೆಯನ್ನು ಲಂಬ ಕೋನದ ಹತ್ತಿರಕ್ಕೆ ತೆರೆಯುತ್ತದೆ. ಎದುರಿನ ನೀರು ಬಾಯೊಳಕ್ಕೆ ನುಗ್ಗುತ್ತದೆ. ಮಡಿಕೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ನಾಲಿಗೆ ಒಳಮುಖವಾಗಿ ಮಗುಚಿಕೊಂಡು ಗಂಟಲ ಚೀಲದ ಗೋಡೆಗೆ ಅಂಟಿ ನೀರಿಗೆ ಜಾಗ ಬಿಡುತ್ತದೆ. ನುಗ್ಗಿದ ನೀರಿನ ಭಾರಕ್ಕೆ ತಿಮಿಂಗಿಲದ ವೇಗ ತಟ್ಟನೆ ಕುಗ್ಗುತ್ತದೆ. ಬಾಯಿ ಮುಚ್ಚುತ್ತದೆ.

ಫಿನ್ ತಿಮಿಂಗಿಲದ ಇಂಥ ಒಂದು ತುತ್ತಿಗೆ ಸುಮಾರು ಆರು ಸೆಕೆಂಡು ಸಾಕು. ಅಷ್ಟರಲ್ಲಿ ಒಳಗೆ ಬರುವ ನೀರು ಸುಮಾರು 70,000 ಲೀಟರ್. ಅದು ತಿಮಿಂಗಿಲದ ಮೈತೂಕಕ್ಕಿಂತ ಜಾಸ್ತಿ! ತನಗಿಂತ ಭಾರವಾದುದನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುವ ಈ ಕೆಲಸದ ಬಗ್ಗೆ ಎಷ್ಟು ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಆಮೇಲೆ ನಿಧಾನದ ಕೆಲಸ. ಗಂಟಲಿನ ಸ್ನಾಯುಗಳು ಚೀಲವನ್ನು ಹಿಂಡುತ್ತವೆ. ನೀರು ಬಲೀನ್ ಸಂದುಗಳಿಂದ ಹೊರಗೆ ಹೋಗುತ್ತದೆ. ಇದಕ್ಕೆ ಅರ್ಧ ನಿಮಿಷವೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಉಳಿದ ಕ್ರಿಲ್ ರಾಶಿಯನ್ನು ನುಂಗಿ, ಉಸಿರು ಇನ್ನೂ ಉಳಿದಿದ್ದರೆ, ಅದೇ ಮುಳುಗಿನಲ್ಲಿ ಮತ್ತೊಂದು ತುತ್ತಿಗೆ ಹೊರಡುತ್ತದೆ.

ಈ ಕಸರತ್ತಿಗೆ ಬೇಕಾದ ಹೊಂದಾಣಿಕೆಗಳು ಮೈತುಂಬ ಇವೆ. ಕೆಳದವಡೆಯ ಎರಡು ಮೂಳೆಗಳು ಗಲ್ಲದ ಬಳಿ ನಮ್ಮದರಂತೆ ಬೆಸೆದುಕೊಂಡಿಲ್ಲ. ಬಗ್ಗುವ ಅಂಗಾಂಶ ಅವನ್ನು ಸೇರಿಸಿದೆ. ಆ ಕೀಲಿನಲ್ಲಿ ಒಂದು ಸಂವೇದನೆಯ ಅಂಗವಿದೆ ಎಂದು 2012ರಲ್ಲಿ ಗೊತ್ತಾಯಿತು. ದವಡೆ ಎಷ್ಟು ತೆರೆದಿದೆ, ನೀರಿನ ಒತ್ತಡ ಎಷ್ಟು ಎಂಬ ಸುದ್ದಿಯನ್ನು ಅದು ಮಿದುಳಿಗೆ ಮುಟ್ಟಿಸುತ್ತದೆ ಎಂದು ಸಂಶೋಧಕರು ವಿವರಿಸಿದ್ದಾರೆ. ಬಾಯಿಯ ತಳದ ನರಗಳಂತೂ ಎಳೆದರೆ ಎರಡು ಪಟ್ಟು ಉದ್ದವಾಗುತ್ತವೆ. ನಮ್ಮ ನರವನ್ನು ಅಷ್ಟು ಎಳೆದರೆ ಅದು ಕೆಟ್ಟೇ ಹೋಗುತ್ತದೆ.

ಹೃದಯದ ಕತೆಯೂ ಸೋಜಿಗದ್ದೇ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಒಂದು ನೀಲಿ ತಿಮಿಂಗಿಲದ ಮೈಗೆ ಉಪಕರಣ ಅಂಟಿಸಿ ಅದರ ಹೃದಯದ ಬಡಿತ ಅಳೆದರು. 2019ರಲ್ಲಿ ಫಲಿತಾಂಶ ಹೊರಬಂತು. ಆಳದಲ್ಲಿದ್ದಾಗ ಹೃದಯ ನಿಮಿಷಕ್ಕೆ ಎರಡೇ ಬಾರಿ ಬಡಿಯುವಷ್ಟು ನಿಧಾನವಾಗುತ್ತಿತ್ತು. ತುತ್ತಿಗೆ ನುಗ್ಗುವಾಗ ಬಡಿತ ಏರುತ್ತಿತ್ತು. ಮೇಲೆ ಬಂದು ಉಸಿರು ತೆಗೆದುಕೊಳ್ಳುವಾಗ 37ರವರೆಗೂ ಹೋಗುತ್ತಿತ್ತು.

## ಅಷ್ಟು ನೀರಿಗೆ ಉಸಿರು ಕಟ್ಟುವುದಿಲ್ವಾ?

ನಮಗೆ ಒಂದು ಗುಟುಕು ನೀರು ಅಡ್ಡದಾರಿ ಹಿಡಿದರೂ ಕೆಮ್ಮು ಬರುತ್ತದೆ. ಸಾವಿರಾರು ಲೀಟರ್ ನೀರು ಗಂಟಲಿನ ಬಾಗಿಲಿಗೆ ಬಡಿದರೂ ತಿಮಿಂಗಿಲ ಮುಳುಗಿ ಸಾಯುವುದಿಲ್ಲ ಯಾಕೆ?

2022ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟರು. ಫಿನ್ ತಿಮಿಂಗಿಲಗಳ ದೇಹಗಳನ್ನು ಕೊಯ್ದು ನೋಡಿದಾಗ ಬಾಯಿಯ ಹಿಂಭಾಗದಲ್ಲಿ ಕೊಬ್ಬು ಮತ್ತು ಸ್ನಾಯುವಿನ ಒಂದು ದಪ್ಪ ಗಡ್ಡೆ ಕಂಡಿತು. ತಿಮಿಂಗಿಲ ನೀರು ತುಂಬಿಕೊಳ್ಳುವಾಗ ಈ ಗಡ್ಡೆ ಗಂಟಲಿನ ದಾರಿಯನ್ನು ಗಟ್ಟಿಯಾಗಿ ಮುಚ್ಚುತ್ತದೆ. ನೀರೆಲ್ಲ ಹೊರಗೆ ಹೋದ ಮೇಲೆ ನುಂಗುವ ಹೊತ್ತಿಗೆ ಇದೇ ಗಡ್ಡೆ ಹಿಂದಕ್ಕೆ, ಮೇಲಕ್ಕೆ ಸರಿದು ಮೂಗಿನ ದಾರಿಯನ್ನು ಕಾಯುತ್ತದೆ. ಶ್ವಾಸನಾಳದ ಬಾಯಿ ಆಗ ಮುಚ್ಚಿರುತ್ತದೆ. ಕ್ರಿಲ್ ನೇರ ಹೊಟ್ಟೆಗೆ.

ಮುಖ್ಯ ಸಂಗತಿ ಏನೆಂದರೆ, ಬಾಯಿಗೆ ಬಂದ ನೀರು ಹೊಟ್ಟೆಗೆ ಹೋಗುವುದೇ ಇಲ್ಲ. ಬಾಯಿ ಸೋಸುವ ಜಾಗ. ಗಂಟಲು ಸೋಸಿ ಉಳಿದ ಮುದ್ದೆ ಇಳಿಯುವ ಜಾಗ. ಬೆರಳುದ್ದದ ಬೇಟೆಗೆ ಅಗಲ ಗಂಟಲು ಯಾಕೆ ಬೇಕು?

## ಬಾಯಿ ತೆರೆದೇ ಈಜುವ ಬೋಹೆಡ್

ಬೋಹೆಡ್ ಮತ್ತು ರೈಟ್ ತಿಮಿಂಗಿಲಗಳಿಗೆ ಗಂಟಲ ಮಡಿಕೆಗಳೇ ಇಲ್ಲ. ಅವು ನುಗ್ಗುವುದಿಲ್ಲ. ಬಾಯಿ ತೆರೆದುಕೊಂಡು ನಿಧಾನವಾಗಿ, ಸೆಕೆಂಡಿಗೆ ಒಂದು ಮೀಟರ್‌ನ ಆಸುಪಾಸಿನ ವೇಗದಲ್ಲಿ, ಈಜುತ್ತಾ ಹೋಗುತ್ತವೆ. ಮುಂದುಗಡೆ ಎರಡೂ ಬದಿಯ ಬಲೀನ್ ಸಾಲುಗಳ ನಡುವೆ ಒಂದು ಖಾಲಿ ಜಾಗವಿದೆ. ನೀರು ಅಲ್ಲಿಂದ ಒಳಗೆ ಬಂದು ಪಕ್ಕಗಳಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಸೋಸುವ ಕೆಲಸ ನಿಲ್ಲುವುದೇ ಇಲ್ಲ. ಅದಕ್ಕೇ ಇವುಗಳಿಗೆ ನಾಲ್ಕು ಮೀಟರ್ ಬಲೀನ್ ಬೇಕು. ಅದನ್ನು ಹಿಡಿಸಲು ಮೈಯ ಮೂರನೇ ಒಂದು ಭಾಗದಷ್ಟು ತಲೆಯೇ ಬೇಕು. ಕಮಾನಿನಂತೆ ಬಾಗಿದ ಮೇಲ್ದವಡೆಯೂ ಬೇಕು.

ಇಲ್ಲಿ ಜರಡಿಯ ಹೋಲಿಕೆ ಸ್ವಲ್ಪ ಕೈಕೊಡುತ್ತದೆ. ಜರಡಿಯನ್ನು ಬಿಡದೆ ಬಳಸಿದರೆ ಕಣ್ಣು ಕಟ್ಟಿಕೊಳ್ಳುತ್ತದೆ. ಬೋಹೆಡ್‌ನ ಬಲೀನ್ ಗಂಟೆಗಟ್ಟಲೆ ಸೋಸಿದರೂ ಹಾಗಾಗುವುದಿಲ್ಲ. ನೀರು ಬಲೀನ್‌ಗೆ ನೆಟ್ಟಗೆ ಬಡಿಯುವ ಬದಲು ಅದರ ಉದ್ದಕ್ಕೂ ಸವರಿಕೊಂಡು ಹರಿಯುವುದು ಇದಕ್ಕೆ ಕಾರಣ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಸ್ವಲ್ಪ ಸ್ವಲ್ಪವೇ ನೀರು ಸಂದುಗಳಿಂದ ಜಾರಿ ಹೋಗುತ್ತದೆ. ಆಹಾರ ಎಳೆಗಳಿಗೆ ಸಿಕ್ಕಿಕೊಳ್ಳದೆ ಹರಿವಿನ ಜೊತೆ ಗಂಟಲ ಕಡೆಗೆ ಸಾಗಿ ಅಲ್ಲಿ ದಟ್ಟವಾಗುತ್ತದೆ.

ಸೇ ಎಂಬ ಜಾತಿಯ ತಿಮಿಂಗಿಲಕ್ಕೆ ಎರಡೂ ವಿದ್ಯೆ ಗೊತ್ತು. ಹೊತ್ತು ನೋಡಿಕೊಂಡು ನುಗ್ಗುತ್ತದೆ, ಇಲ್ಲವೇ ತೇಲುತ್ತಾ ಸೋಸುತ್ತದೆ.

## ಕೆಸರು ಸೋಸುವ ಗ್ರೇ

ಗ್ರೇ ತಿಮಿಂಗಿಲದ ದಾರಿಯೇ ಬೇರೆ. ಅದು ಕಡಲ ತಳಕ್ಕೆ ಇಳಿದು, ಸಾಮಾನ್ಯವಾಗಿ ಬಲಮಗ್ಗುಲಿಗೆ ಹೊರಳಿ, ಕೆಸರನ್ನೇ ಬಾಯಿಗೆ ಎಳೆದುಕೊಳ್ಳುತ್ತದೆ. ಕೆಸರು ಆಚೆ, ಅದರಲ್ಲಿದ್ದ ಆಂಫಿಪಾಡ್ ಎಂಬ ಪುಟ್ಟ ಜೀವಿಗಳು ಈಚೆ. ಹೆಚ್ಚು ಬಳಸುವ ಬದಿಯ ಬಲೀನ್ ಹೆಚ್ಚು ಸವೆದಿರುತ್ತದೆ. ಅದು ತಿಂದು ಹೋದ ಕಡೆ ತಳದಲ್ಲಿ ಗುಂಡಿಗಳು ಉಳಿಯುತ್ತವೆ. ಇವುಗಳ ಮುಖ್ಯ ಊಟದ ಜಾಗ ಉತ್ತರದ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳು. ಅಲ್ಲಿ ಆಹಾರ ಕಡಿಮೆಯಾದ ಪರಿಣಾಮ ದೊಡ್ಡದು. 2019ರಿಂದ 2023ರವರೆಗೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೂರಾರು ಗ್ರೇ ತಿಮಿಂಗಿಲಗಳು ಸತ್ತು ದಡಕ್ಕೆ ಬಂದವು. ಹಲವು ಬಡಕಲಾಗಿದ್ದವು.

## ಉಪಾಯಗಾರ ಹಂಪ್‌ಬ್ಯಾಕ್

ಹಂಪ್‌ಬ್ಯಾಕ್‌ಗಳು ಕ್ರಿಲ್ ಜೊತೆಗೆ ಮೀನಿನ ಹಿಂಡುಗಳನ್ನೂ ತಿನ್ನುತ್ತವೆ. ಮೀನು ಕ್ರಿಲ್‌ನಂತಲ್ಲ, ಚುರುಕಾಗಿ ಓಡುತ್ತದೆ. ಅದಕ್ಕೆ ಹಂಪ್‌ಬ್ಯಾಕ್ ಮೀನುಗಳ ಸುತ್ತ ಆಳದಿಂದ ಗುಳ್ಳೆಗಳನ್ನು ಬಿಡುತ್ತಾ ವೃತ್ತ ಹಾಕುತ್ತದೆ. ಗುಳ್ಳೆಗಳ ಗೋಡೆಗೆ ಹೆದರಿ ಮೀನುಗಳು ನಡುವೆ ಒತ್ತರಿಸುತ್ತವೆ. ತಿಮಿಂಗಿಲ ಕೆಳಗಿನಿಂದ ಬಾಯಿ ತೆರೆದು ಏರುತ್ತದೆ. ಅಲಾಸ್ಕದಲ್ಲಿ ಹಲವು ಹಂಪ್‌ಬ್ಯಾಕ್‌ಗಳು ಒಟ್ಟಾಗಿ, ಒಂದೊಂದು ಒಂದೊಂದು ಕೆಲಸ ಹಂಚಿಕೊಂಡು ಹೀಗೆ ಬೇಟೆಯಾಡುತ್ತವೆ.

ಇವು ಒಂದರಿಂದ ಒಂದು ಕಲಿಯುತ್ತವೆ ಎಂಬುದು ನನಗೆ ಇನ್ನೂ ದೊಡ್ಡ ಸಂಗತಿ. 1980ರಲ್ಲಿ ಅಮೆರಿಕದ ಮೇನ್ ಕೊಲ್ಲಿಯಲ್ಲಿ ಒಂದು ಹಂಪ್‌ಬ್ಯಾಕ್ ಬಾಲದಿಂದ ನೀರಿಗೆ ಬಡಿದು, ಆಮೇಲೆ ಗುಳ್ಳೆ ಬಿಡುವುದು ಕಂಡಿತು. ಅಲ್ಲಿ ಹೆರಿಂಗ್ ಮೀನು ಕುಸಿದು, ಸ್ಯಾಂಡ್ ಲ್ಯಾನ್ಸ್ ಎಂಬ ಬೇರೆ ಮೀನು ಹೆಚ್ಚಾಗಿದ್ದ ಕಾಲ ಅದು. ಮುಂದಿನ ಮೂರು ದಶಕಗಳಲ್ಲಿ ಆ ಪ್ರದೇಶದ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳು ಈ ಉಪಾಯ ಕಲಿತವು. ಯಾವುದರ ಜೊತೆ ಯಾವುದು ಈಜುತ್ತಿತ್ತು ಎಂದು ದಾಖಲೆ ನೋಡಿದಾಗ, ಈ ವಿದ್ಯೆ ಒಡನಾಟದಿಂದ ಹರಡಿದ್ದು ತಿಳಿಯಿತು. 2013ರಲ್ಲಿ ಇದು ಪ್ರಕಟವಾಯಿತು.

## ಹಲ್ಲಿದ್ದವರು ಅಗಿಯುತ್ತಾರಾ?

ಹಲ್ಲಿರುವ ತಿಮಿಂಗಿಲಗಳ ಕಡೆ ಬಂದರೆ ಮೊದಲ ಅಚ್ಚರಿ ಇದು: ಅವು ಅಗಿಯುವುದಿಲ್ಲ. ಡಾಲ್ಫಿನ್‌ನ ಹಲ್ಲುಗಳೆಲ್ಲ ಒಂದೇ ಆಕಾರದ ಮೊನೆಗಳು. ಜಾರುವ ಮೀನನ್ನು ಹಿಡಿದಿಡಲು ಮಾತ್ರ ಅವು. ಹಿಡಿದದ್ದನ್ನು ಇಡಿಯಾಗಿ ನುಂಗುತ್ತದೆ. ಓರ್ಕಾ ದೊಡ್ಡ ಬೇಟೆಯನ್ನು ಹರಿದು ತಿನ್ನುತ್ತದೆ, ಅದೂ ಅಗಿಯುವುದಿಲ್ಲ.

ಇನ್ನು ಕೆಲವಕ್ಕೆ ಹಲ್ಲು ಊಟಕ್ಕೆ ಬೇಕೇ ಇಲ್ಲ. ಕೊಕ್ಕಿನ ತಿಮಿಂಗಿಲಗಳ ಬಹುತೇಕ ಜಾತಿಗಳಲ್ಲಿ ಗಂಡಿಗೆ ಮಾತ್ರ ಒಂದೆರಡು ಜೋಡಿ ಹಲ್ಲು ಹೊರಗೆ ಕಾಣುತ್ತದೆ. ಗಂಡುಗಳು ಒಂದಕ್ಕೊಂದು ಕಾದಾಡಲು ಅದನ್ನು ಬಳಸುತ್ತವೆ. ಊಟಕ್ಕೆ ನಾಲಿಗೆಯನ್ನು ಹಿಂದಕ್ಕೆ ಎಳೆದು, ಬಾಯೊಳಗೆ ಒತ್ತಡ ಇಳಿಸಿ, ಸ್ಕ್ವಿಡ್ ಎಂಬ ಮೆತ್ತನೆ ಮೈಯ ಕಡಲ ಜೀವಿಗಳನ್ನು ಹೀರಿಕೊಳ್ಳುತ್ತವೆ. ನಾರ್ವಾಲ್‌ನ ಆ ಉದ್ದ ಕೋಡು ಕೂಡ ಒಂದು ಹಲ್ಲೇ. ಮೇಲ್ದವಡೆಯ ಎಡಗಡೆಯ ಕೋರೆಹಲ್ಲು ತುಟಿಯನ್ನು ತೂರಿಕೊಂಡು ಬೆಳೆದದ್ದು. ಅದರ ಬಾಯೊಳಗೆ ಬೇರೆ ಹಲ್ಲಿಲ್ಲ.

ಈ ಬಣದ ನಿಜವಾದ ಆಯುಧ ಹಲ್ಲಲ್ಲ, ಸದ್ದು. ಮೂಗಿನ ದಾರಿಯಲ್ಲಿ ಗಾಳಿ ಒತ್ತಿ ಇವು ಟಿಕ್ ಟಿಕ್ ಸದ್ದು ಹುಟ್ಟಿಸುತ್ತವೆ. ಹಣೆಯಲ್ಲಿರುವ ಕೊಬ್ಬಿನ ಗಡ್ಡೆ ಆ ಸದ್ದನ್ನು ಮುಂದಕ್ಕೆ ಒಟ್ಟುಗೂಡಿಸಿ ಕಳಿಸುತ್ತದೆ. ಬೇಟೆಗೆ ಬಡಿದ ಸದ್ದು ಮರಳಿ ಬರುತ್ತದೆ. ಕೆಳದವಡೆಯ ಕೊಬ್ಬು ಅದನ್ನು ಒಳಗಿವಿಗೆ ಮುಟ್ಟಿಸುತ್ತದೆ. ಎಷ್ಟು ದೂರ, ಎಷ್ಟು ದೊಡ್ಡದು, ಯಾವ ಕಡೆ ಓಡುತ್ತಿದೆ ಎಲ್ಲವೂ ಗೊತ್ತಾಗುತ್ತದೆ. ಕತ್ತಲ ಆಳದಲ್ಲಿ ಒಂದೇ ಒಂದು ಸ್ಕ್ವಿಡ್ ಹುಡುಕಬೇಕಾದರೆ ಇಂಥ ವಿದ್ಯೆ ಬೇಕೇ ಬೇಕು.

ಸ್ಪರ್ಮ್ ತಿಮಿಂಗಿಲದಲ್ಲಿ ಇದು ತುತ್ತತುದಿಗೆ ಹೋಗಿದೆ. ಅದರ ತಲೆ ಮೈಯ ಸುಮಾರು ಮೂರನೇ ಒಂದು ಭಾಗ. ಆ ತಲೆಯ ಬಹುಪಾಲು ಸದ್ದಿನ ಯಂತ್ರವೇ. ಪ್ರಾಣಿಗಳು ಮಾಡುವ ಸದ್ದುಗಳಲ್ಲೇ ಅದರ ಟಿಕ್ ಅತಿ ಜೋರಿನದು. ಸಾವಿರ ಮೀಟರ್‌ಗೂ ಆಳಕ್ಕೆ ಇಳಿದು ಅದು ಸ್ಕ್ವಿಡ್ ಬೇಟೆಯಾಡುತ್ತದೆ. ದೈತ್ಯ ಸ್ಕ್ವಿಡ್‌ಗಳನ್ನೂ ನುಂಗುತ್ತದೆ. ಅದರ ಹಲ್ಲುಗಳು ಕಾಣುವುದು ಕೆಳದವಡೆಯಲ್ಲಿ ಮಾತ್ರ. ದವಡೆ ಮುರಿದ ಸ್ಪರ್ಮ್ ತಿಮಿಂಗಿಲಗಳೂ ಹೊಟ್ಟೆತುಂಬ ತಿಂದು ಬದುಕಿದ್ದು ಕಂಡುಬಂದಿದೆ. ಮುಳುಗುವುದರಲ್ಲಿ ಇದನ್ನೂ ಮೀರಿಸಿದ್ದು ಕ್ಯುವಿಯರ್ ಕೊಕ್ಕಿನ ತಿಮಿಂಗಿಲ. ಅದು 2,992 ಮೀಟರ್ ಆಳಕ್ಕೆ ಹೋದದ್ದೂ, ಮತ್ತೊಮ್ಮೆ 222 ನಿಮಿಷ ನೀರೊಳಗೇ ಇದ್ದದ್ದೂ ದಾಖಲಾಗಿವೆ.

ಹಲ್ಲಿರುವ ಬಣ ಬಲೀನ್ ಬಣವನ್ನೇ ತಿನ್ನುವುದೂ ಉಂಟು. ಪಶ್ಚಿಮ ಆಸ್ಟ್ರೇಲಿಯಾದ ಕಡಲಲ್ಲಿ ಓರ್ಕಾಗಳ ಗುಂಪು ಪೂರ್ತಿ ಬೆಳೆದ ನೀಲಿ ತಿಮಿಂಗಿಲವನ್ನು ಕೊಂದದ್ದು ಮೊದಲ ಬಾರಿಗೆ ದಾಖಲಾದದ್ದು 2019ರಲ್ಲಿ. ಒಂದು ಓರ್ಕಾ ಅದರ ಬಾಯೊಳಗೆ ತಲೆ ಹಾಕಿ ನಾಲಿಗೆ ತಿಂದಿತ್ತು.

## ಹೊರಗಿನಿಂದ ಗುರುತಿಸುವುದು ಹೇಗೆ?

ಉಸಿರಿನ ರಂಧ್ರ ನೋಡಿ. ಬಲೀನ್ ತಿಮಿಂಗಿಲದ ತಲೆಯ ಮೇಲೆ ಎರಡು ರಂಧ್ರ. ಹಲ್ಲಿರುವುದಕ್ಕೆ ಒಂದೇ. ಹಲ್ಲಿರುವ ತಿಮಿಂಗಿಲದ ತಲೆಬುರುಡೆಯ ಎಡ ಬಲ ಒಂದೇ ಥರ ಇರುವುದಿಲ್ಲ. ಸದ್ದಿನ ಯಂತ್ರಕ್ಕಾಗಿ ಅದು ಸೊಟ್ಟಗಾಗಿದೆ. ಬಲೀನ್ ಬಣದಲ್ಲಿ ಬುರುಡೆ ಸಮವಾಗಿದೆ. ಬಲೀನ್ ಬಣದಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಸ್ಪರ್ಮ್ ಮತ್ತು ಓರ್ಕಾಗಳಲ್ಲಿ ಗಂಡೇ ದೊಡ್ಡದು.

ಬಲೀನ್ ತಿಮಿಂಗಿಲಗಳು ಗಂಟಲಿನಿಂದ ತಗ್ಗು ದನಿಯಲ್ಲಿ ಕೂಗುತ್ತವೆ. ನೀಲಿ ತಿಮಿಂಗಿಲದ ದನಿ ಎಷ್ಟು ತಗ್ಗು ಎಂದರೆ ಅದರ ಒಂದು ಭಾಗ ನಮ್ಮ ಕಿವಿಗೆ ಕೇಳಿಸುವುದೇ ಇಲ್ಲ. ಆ ದನಿ ಬಹಳ ದೂರ ಸಾಗುತ್ತದೆ, ಆದರೆ ಅದರಿಂದ ಒಂದು ಪುಟ್ಟ ಬೇಟೆಯ ಗುರುತು ಹಿಡಿಯಲಾಗದು. ಹಾಗಾದರೆ ಇವು ಕ್ರಿಲ್ ಹುಡುಕುವುದು ಹೇಗೆ? ನೆನಪು ಒಂದು ದಾರಿ. ಪೆಸಿಫಿಕ್‌ನ ನೀಲಿ ತಿಮಿಂಗಿಲಗಳು ಹಿಂದಿನ ವರ್ಷಗಳಲ್ಲಿ ಎಲ್ಲಿ, ಯಾವಾಗ ಆಹಾರ ಸಿಗುತ್ತಿತ್ತೋ ಆ ಲೆಕ್ಕಕ್ಕೆ ವಲಸೆ ಹೊಂದಿಸುತ್ತವೆ ಎಂದು 2019ರ ಒಂದು ಅಧ್ಯಯನ ತೋರಿಸಿತು. ಮೂಗೂ ಇದೆ. ಹಲ್ಲಿನ ಬಣ ವಾಸನೆ ಹಿಡಿಯುವ ಶಕ್ತಿಯನ್ನು ಕಳೆದುಕೊಂಡಿದೆ. ಬೋಹೆಡ್‌ನ ಮಿದುಳಿನಲ್ಲಿ ವಾಸನೆಯ ಭಾಗ ಇನ್ನೂ ಚೆನ್ನಾಗಿದೆ.

## ಹಲ್ಲು ಹೋದದ್ದು ಯಾವಾಗ?

ಎಲ್ಲ ತಿಮಿಂಗಿಲಗಳ ಪೂರ್ವಜರು ನೆಲದ ಮೇಲೆ ನಡೆಯುತ್ತಿದ್ದ, ಹಲ್ಲಿದ್ದ ಸಸ್ತನಿಗಳು. ಸುಮಾರು 5 ಕೋಟಿ ವರ್ಷಗಳ ಹಿಂದೆ ಅವು ನೀರಿಗೆ ಇಳಿದವು. ಎರಡು ಬಣಗಳು ಬೇರೆಯಾದದ್ದು ಬಹಳ ಆಮೇಲೆ. ಬಲೀನ್ ಬಣದ ಹಳೆಯ ಪಳೆಯುಳಿಕೆಗಳಲ್ಲಿ ಚೂಪು ಹಲ್ಲುಗಳೇ ಇವೆ. ಆಸ್ಟ್ರೇಲಿಯಾದಲ್ಲಿ ಸಿಕ್ಕ ಜಂಜುಸೀಟಸ್ ಅಂಥದ್ದೊಂದು.

ಆ ಕಾಲದ ಗುರುತು ಈಗಲೂ ಉಳಿದಿದೆ. ನೀಲಿ ತಿಮಿಂಗಿಲದ ಮರಿ ತಾಯಿಯ ಹೊಟ್ಟೆಯಲ್ಲಿದ್ದಾಗ ಅದರ ಒಸಡಿನೊಳಗೆ ಹಲ್ಲಿನ ಮೊಳಕೆಗಳು ಮೂಡುತ್ತವೆ. ಹುಟ್ಟುವ ಮೊದಲೇ ಕರಗಿಹೋಗುತ್ತವೆ. ಆಮೇಲೆ ಬಲೀನ್ ಬೆಳೆಯುತ್ತದೆ.

## ಇಷ್ಟು ದೊಡ್ಡದಾಗಲು ಹೇಗೆ ಸಾಧ್ಯವಾಯಿತು?

ಒಂದೊಂದಾಗಿ ಬೇಟೆ ಹಿಡಿಯುವ ಪ್ರಾಣಿ ದೊಡ್ಡದಾದಷ್ಟೂ ಅದಕ್ಕೆ ದೊಡ್ಡ ಬೇಟೆ ಬೇಕು. ಆಳ ಕಡಲಲ್ಲಿ ದೊಡ್ಡ ಸ್ಕ್ವಿಡ್‌ಗಳು ಎಷ್ಟು ಸಿಗಬಹುದು? ಸ್ಪರ್ಮ್ ತಿಮಿಂಗಿಲದ ಗಾತ್ರ ಅಲ್ಲಿಗೆ ನಿಲ್ಲುತ್ತದೆ. ಬಲೀನ್ ತಿಮಿಂಗಿಲ ದೊಡ್ಡದಾದರೆ ಬಾಯಿ ಮೈಗಿಂತ ಜೋರಾಗಿ ದೊಡ್ಡದಾಗುತ್ತದೆ. ಒಂದೊಂದು ತುತ್ತಿನ ಲಾಭ ಏರುತ್ತಲೇ ಹೋಗುತ್ತದೆ. ನೀಲಿ ತಿಮಿಂಗಿಲ ದಟ್ಟ ಕ್ರಿಲ್ ಗುಂಪಿಗೆ ಬಾಯಿ ಹಾಕಿದರೆ ಖರ್ಚಿನ ಹತ್ತಾರು ಪಟ್ಟು ಶಕ್ತಿ ವಾಪಸ್ ಬರುತ್ತದೆ. ಗುಂಪು ತೆಳುವಾಗಿದ್ದರೆ ಆ ಲಾಭ ಇಳಿಯುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

300ಕ್ಕೂ ಹೆಚ್ಚು ತಿಮಿಂಗಿಲಗಳಿಗೆ ಉಪಕರಣ ಅಂಟಿಸಿ ಮಾಡಿದ ಅಧ್ಯಯನ 2021ರಲ್ಲಿ ಬಂತು. ಪೆಸಿಫಿಕ್‌ನ ಪೂರ್ವ ಭಾಗದ ಒಂದು ನೀಲಿ ತಿಮಿಂಗಿಲ ಊಟದ ದಿನಗಳಲ್ಲಿ ಸುಮಾರು 16 ಟನ್ ಕ್ರಿಲ್ ತಿನ್ನುತ್ತದೆ ಎಂದು ಅದು ಅಂದಾಜು ಮಾಡಿತು. ಬಲೀನ್ ತಿಮಿಂಗಿಲಗಳು ಹಿಂದೆ ಅಂದುಕೊಂಡಿದ್ದಕ್ಕಿಂತ ಸರಾಸರಿ ಮೂರು ಪಟ್ಟು ತಿನ್ನುತ್ತವೆ ಎಂದು ಇದರಿಂದ ಗೊತ್ತಾಯಿತು.

ವರ್ಷವಿಡೀ ಹೀಗೆ ತಿನ್ನುವುದಿಲ್ಲ. ಬೇಸಿಗೆಯಲ್ಲಿ ಧ್ರುವಗಳ ಕಡೆಯ ತಣ್ಣೀರಿನಲ್ಲಿ ಆಹಾರ ಉಕ್ಕುತ್ತದೆ. ಆಗ ತಿಂದು ಕೊಬ್ಬು ಕೂಡಿಸಿ, ಚಳಿಗಾಲಕ್ಕೆ ಬೆಚ್ಚಗಿನ ಕಡಲಿಗೆ ಹೋಗಿ ಮರಿ ಹಾಕುತ್ತವೆ. ಅಲ್ಲಿ ತಿಂಗಳುಗಟ್ಟಲೆ ಬಹುತೇಕ ಉಪವಾಸ. ದೊಡ್ಡ ಮೈ ಇಲ್ಲದಿದ್ದರೆ ಈ ಉಪವಾಸ ತಡೆಯಲಾಗದು. ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್‌ಗಳು ಮಾತ್ರ ವಲಸೆ ಹೋಗದೆ ವರ್ಷವಿಡೀ ಅಲ್ಲೇ ಇರುತ್ತವೆ. ಮಾನ್ಸೂನ್ ಗಾಳಿ ಆಳದ ಪೋಷಕಾಂಶಗಳನ್ನು ಮೇಲೆ ತರುವುದರಿಂದ ಅವಕ್ಕೆ ಅಲ್ಲೇ ಊಟ ಸಿಗುತ್ತದೆ.

## ಕ್ರಿಲ್ ತಿಂದವರು ಕಡಲಿಗೆ ಕೊಟ್ಟದ್ದು

20ನೇ ಶತಮಾನದಲ್ಲಿ ಮನುಷ್ಯರು ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಂದರು. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು ಮೊದಲಿನ ಸಂಖ್ಯೆಯ 1%ಕ್ಕಿಂತ ಕೆಳಗೆ ಇಳಿದವು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ವಾಣಿಜ್ಯ ಬೇಟೆ ನಿಲ್ಲಿಸುವ ತೀರ್ಮಾನ ಮಾಡಿತು. 1986ರಿಂದ ಅದು ಜಾರಿಗೆ ಬಂತು.

ತಿನ್ನುವವರು ಕಡಿಮೆಯಾದರೆ ಕ್ರಿಲ್ ಹೆಚ್ಚಾಗಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ತಿಮಿಂಗಿಲ ಬೇಟೆಗೆ ಮೊದಲು ದಕ್ಷಿಣ ಸಾಗರದ ಬಲೀನ್ ತಿಮಿಂಗಿಲಗಳು ವರ್ಷಕ್ಕೆ ಸುಮಾರು 43 ಕೋಟಿ ಟನ್ ಕ್ರಿಲ್ ತಿನ್ನುತ್ತಿದ್ದವು ಎಂದು ಅದೇ 2021ರ ಅಧ್ಯಯನ ಲೆಕ್ಕ ಹಾಕಿತು. ಈಗ ಅಲ್ಲಿರುವ ಒಟ್ಟು ಕ್ರಿಲ್‌ಗಿಂತ ಅದು ಹೆಚ್ಚು. ಇದಕ್ಕೆ ಒಂದು ವಿವರಣೆ ತಿಮಿಂಗಿಲದ ಮಲದಲ್ಲಿದೆ. ದಕ್ಷಿಣ ಸಾಗರದ ನೀರಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಕಬ್ಬಿಣ ಇಲ್ಲದೆ ನೀರಿನ ಸೂಕ್ಷ್ಮ ಸಸ್ಯಗಳು ಬೆಳೆಯುವುದಿಲ್ಲ. ಅವು ಇಲ್ಲದಿದ್ದರೆ ಕ್ರಿಲ್‌ಗೆ ಊಟವಿಲ್ಲ. ಕ್ರಿಲ್ ತಿಂದ ತಿಮಿಂಗಿಲದ ಮಲದಲ್ಲಿ ಅಲ್ಲಿನ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ದಟ್ಟವಾಗಿ ಕಬ್ಬಿಣ ಇರುತ್ತದೆ. ಅದು ಬೀಳುವುದು ಬಿಸಿಲು ತಾಗುವ ಮೇಲ್ನೀರಿಗೆ. ತಿಮಿಂಗಿಲ ಹೋದಾಗ ಈ ಗೊಬ್ಬರವೂ ಹೋಯಿತು.

ಈಗ ಹಂಪ್‌ಬ್ಯಾಕ್‌ಗಳು ಹಲವೆಡೆ ಚೇತರಿಸಿಕೊಂಡಿವೆ. ಅದೇ ಹೊತ್ತಿಗೆ ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಸುತ್ತ ಮೀನುಗಾರಿಕೆ ಹಡಗುಗಳು ಮೀನು ಸಾಕಣೆಯ ಮೇವಿಗೆ, ಎಣ್ಣೆಯ ಮಾತ್ರೆಗಳಿಗೆ ಕ್ರಿಲ್ ಹಿಡಿಯುತ್ತಿವೆ. ಅದನ್ನೂ ಒಳಗೊಂಡ ದೊಡ್ಡ ವಲಯಕ್ಕೆ ವರ್ಷಕ್ಕೆ 6,20,000 ಟನ್ ಮಿತಿ ಇದೆ. ಸಾಗರದ ಒಟ್ಟು ಕ್ರಿಲ್‌ಗೆ ಹೋಲಿಸಿದರೆ ಇದು ಸಣ್ಣದು. ಆದರೆ ತಿಮಿಂಗಿಲಕ್ಕೆ ಒಟ್ಟು ಲೆಕ್ಕ ಮುಖ್ಯವಲ್ಲ. ಅದರ ತುತ್ತಿನ ಲಾಭ ನಿಂತಿರುವುದು ಕ್ರಿಲ್ ಎಷ್ಟು ದಟ್ಟವಾಗಿದೆ ಎಂಬುದರ ಮೇಲೆ. ಹಡಗುಗಳು ಬಲೆ ಬೀಸುವುದೂ ಅಂಥ ದಟ್ಟ ಗುಂಪುಗಳಿಗೇ. ಹಾಗಾಗಿ ಈಗ ಮಿತಿ ಎಷ್ಟಿರಬೇಕು ಎಂಬ ಚರ್ಚೆಯ ಜೊತೆಗೆ, ಎಲ್ಲಿ, ಯಾವ ತಿಂಗಳಲ್ಲಿ ಹಿಡಿಯಬಹುದು ಎಂಬ ಚರ್ಚೆಯೂ ನಡೆಯುತ್ತಿದೆ.